ಮೊಣಕಾಲಿನ ಬೆಲೆ

ಆಟವಾಡುವಾಗ ಬಿದ್ದು ಕಾಲು ಮುರಿದುಕೊಂಡವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆಟ ಮುಗಿದು, ಗೆಲುವು ಕೈಸೇರಿ, ಜೊತೆಗಾರರ ತೋಳುಗಳ ನಡುವೆ ಕುಣಿಯುತ್ತಿರುವಾಗ ಕಾಲು ಕೆಡಿಸಿಕೊಂಡವರು ವಿರಳ. ಎಡ್ವಿನ್ ಡೀಯಾಸ್ ಎಂಬ ಬೇಸ್‌ಬಾಲ್ ಆಟಗಾರನಿಗೆ ಒದಗಿದುದು ಈ ವಿರಳವಾದ ದುರ್ದೈವ.

೨೦೨೩ನೆಯ ಇಸವಿಯ ಮಾರ್ಚ್ ೧೫ರ ರಾತ್ರಿ. ಅಮೆರಿಕದ ಮಯಾಮಿ ನಗರ. ಬೇಸ್‌ಬಾಲ್ ಆಡುವ ನಾಡುಗಳು ಕೆಲವು ವರ್ಷಗಳಿಗೊಮ್ಮೆ ಕೂಡಿ ನಡೆಸುವ ವಿಶ್ವ ಪಂದ್ಯಾವಳಿಯಲ್ಲಿ ಅಂದು ಪೋರ್ಟೊರಿಕೊ ದ್ವೀಪದ ತಂಡವು ನೆರೆಯ ಡೊಮಿನಿಕನ್ ಗಣರಾಜ್ಯದ ತಂಡವನ್ನು ೫-೨ರಿಂದ ಸೋಲಿಸಿತು. ಕೊನೆಯ ಸರದಿಯಲ್ಲಿ ಚೆಂಡೆಸೆಯಲು ಬಂದ ಡೀಯಾಸ್ ಮೂವರು ದಾಂಡಿಗರನ್ನು ಒಬ್ಬರ ಹಿಂದೊಬ್ಬರಂತೆ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದ್ದನು. ಜೊತೆಗಾರರು ಓಡಿಬಂದು ಸುತ್ತುವರಿದರು. ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಚಿಕ್ಕಮಕ್ಕಳಂತೆ ಮೇಲಕ್ಕೂ ಕೆಳಕ್ಕೂ ಜಿಗಿಯತೊಡಗಿದರು. ನಗುವಿನ ಆ ವರ್ತುಲದ ನಡುವೆ ಒಬ್ಬನು ಕುಸಿದು ಕುಳಿತುದನ್ನು ನೋಡುವವರು ಮೊದಲು ಗಮನಿಸಲೇ ಇಲ್ಲ. ಗಮನಿಸಿದಾಗ ಡೀಯಾಸ್ ಬಲಮೊಣಕಾಲನ್ನು ಹಿಡಿದುಕೊಂಡು ನೆಲದ ಮೇಲಿದ್ದನು. ಅದೇ ತಂಡದಲ್ಲಿ ಆಡುತ್ತಿದ್ದ ತಮ್ಮ ಅಲೆಕ್ಸಿಸ್, ಅವನೂ ಅಣ್ಣನಂತೆ ಚೆಂಡೆಸೆಯುವವನೇ, ಪಕ್ಕದಲ್ಲಿ ನಿಂತು ಅಳುತ್ತಿದ್ದನು. ಗೆದ್ದವನನ್ನು ಗಾಲಿಕುರ್ಚಿಯಲ್ಲಿ ಕುಳ್ಳಿರಿಸಿ ಮೈದಾನದಿಂದ ಹೊರಗೆ ಕರೆದೊಯ್ದರು. ಅವನಿಗೆ ಇಪ್ಪತ್ತೊಂಬತ್ತು ತುಂಬಲು ಇನ್ನು ಒಂದು ವಾರವಿದ್ದಿತು.

ಮರುದಿನ ತಿಳಿದುಬಂದ ಸಂಗತಿ ಇದು. ಮಂಡಿಚಿಪ್ಪನ್ನು ಕೆಳಗಾಲಿನ ಎಲುಬಿಗೆ ಬಿಗಿದು ಹಿಡಿಯುವ ಸ್ನಾಯುರಜ್ಜು ಪೂರ್ತಿಯಾಗಿ ಹರಿದುಹೋಗಿತ್ತು. ತೊಡೆಯ ಸ್ನಾಯುಗಳು ಎಳೆದ ಬಲವೆಲ್ಲ ಈ ಒಂದು ಪಟ್ಟಿಯ ಮೂಲಕವೇ ಕೆಳಗಾಲಿಗೆ ಇಳಿಯಬೇಕು. ಅದು ಹರಿದರೆ ಮಡಿಸಿದ ಕಾಲನ್ನು ನೆಟ್ಟಗೆ ಮಾಡುವುದೂ ಆಗದು. ಅದನ್ನು ಹೊಲಿದು ಮತ್ತೆ ಎಲುಬಿಗೆ ಕೂಡಿಸಬೇಕು. ಆಮೇಲೆ ನಡೆಯುವುದನ್ನು ಕಲಿಯಬೇಕು, ಅನಂತರ ಓಡುವುದನ್ನು. ಚೇತರಿಕೆಗೆ ಸಾಮಾನ್ಯವಾಗಿ ಎಂಟು ತಿಂಗಳು ಬೇಕಾಗುವುದೆಂದು ಅವನ ತಂಡವಾದ ನ್ಯೂಯಾರ್ಕ್ ಮೆಟ್ಸ್‌ನವರು ತಿಳಿಸಿದರು. ತೋಳಿಗೆ ಏನೂ ಆಗಿರಲಿಲ್ಲ. ಆದರೆ ಬಲಗೈಯಿಂದ ಎಸೆಯುವವನು ಬಲಗಾಲಿನಿಂದ ನೆಲವನ್ನು ಒದ್ದು ಮುಂದಕ್ಕೆ ಚಿಮ್ಮುತ್ತಾನೆ. ಚೆಂಡಿನ ವೇಗ ತೋಳಿನಲ್ಲಿ ಹುಟ್ಟುತ್ತದೆಂದು ನೋಡುವವರು ತಿಳಿದಿದ್ದರೂ ಅದರ ಬೇರು ಇರುವುದು ಕಾಲಿನಲ್ಲಿ.

ಈ ಕಾಲಿನ ಮೇಲೆ ಎಷ್ಟು ಜನರ ಕಣ್ಣಿತ್ತೆಂಬುದನ್ನು ಅರಿಯಬೇಕಾದರೆ ಡೀಯಾಸನ ಕಸುಬನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬೇಸ್‌ಬಾಲ್ ಪಂದ್ಯವೊಂದರಲ್ಲಿ ಒಂಬತ್ತು ಸರದಿಗಳು. ಪ್ರತಿಯೊಂದರಲ್ಲಿಯೂ ಎದುರಾಳಿಯ ಮೂವರನ್ನು ಔಟ್ ಮಾಡಬೇಕು. ಆಟ ಪ್ರಾರಂಭಿಸಿದ ಪಿಚರ್ ದಣಿದಾಗ ಅವನ ಭಾರವನ್ನು ಇಳಿಸಲು ಬರುವವನು ರಿಲೀಫ್ ಪಿಚರ್. ಅಂತಹವರಲ್ಲಿ ಅತ್ಯಂತ ನಂಬಿಕೆಗೆ ಪಾತ್ರನಾದವನನ್ನು ಒಂಬತ್ತನೆಯ ಸರದಿಗೆಂದೇ ಕೂಡಿಟ್ಟಿರುತ್ತಾರೆ. ಎರಡೂವರೆ ಗಂಟೆಯ ಕಾಲ ಬೇರೆಯವರು ಕಷ್ಟಪಟ್ಟು ಗಳಿಸಿಟ್ಟ ಮುನ್ನಡೆಯನ್ನು ಹದಿನೈದು ನಿಮಿಷ ಕಾಪಾಡಿ ಮನೆಗೆ ಮುಟ್ಟಿಸುವುದು ಅವನ ಕೆಲಸ. ಕಾಪಾಡಿದರೆ ಯಾರಿಗೂ ಆಶ್ಚರ್ಯವಿಲ್ಲ. ಕಳೆದರೆ ಊರಿಗೆಲ್ಲ ಅವನದೇ ಮಾತು. ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿಗೆ ಬಡಿಸುವವನ ಪಾಡಿನಂತೆ.

ನಗ್ವಾಬೊ ಎಂಬ ಊರಿನಲ್ಲಿ ಹುಟ್ಟಿದ ಡೀಯಾಸ್ ಈ ಎರಡನ್ನೂ ಕಂಡವನು. ಸಿಯಾಟಲ್ ತಂಡದಲ್ಲಿದ್ದಾಗ, ೨೦೧೮ರಲ್ಲಿ, ಅವನು ೫೭ ಪಂದ್ಯಗಳನ್ನು ಹೀಗೆ ಕಾಪಾಡಿಕೊಟ್ಟನು. ಮರುವರ್ಷ ನ್ಯೂಯಾರ್ಕಿಗೆ ಬಂದು ಎಡವಿದನು. ತನ್ನ ಮೈದಾನದ ಪ್ರೇಕ್ಷಕರಿಂದಲೇ ಛೀ ಎನಿಸಿಕೊಂಡನು. ಅಲ್ಲಿಂದ ಮೇಲೆದ್ದು ೨೦೨೨ರಲ್ಲಿ ಮುಟ್ಟಿದ ಎತ್ತರ ಅಸಾಧಾರಣವಾದುದು. ೬೨ ಸರದಿಗಳಲ್ಲಿ ೧೧೮ ಮಂದಿ ದಾಂಡಿಗರು ಅವನ ಚೆಂಡನ್ನು ತಾಗಿಸಲಾರದೆ ಹೊರನಡೆದರು. ಒಂಬತ್ತು ಸರದಿಗಳಿಗೆ ಅವನು ಬಿಟ್ಟುಕೊಟ್ಟ ರನ್‌ಗಳ ಸರಾಸರಿ ೧.೩೧. ಅವನು ಮೈದಾನಕ್ಕೆ ಓಡಿಬರುವಾಗ ‘ನಾರ್ಕೊ’ ಎಂಬ ಸಂಗೀತದ ಕಹಳೆಯ ಧ್ವನಿ ಮೊಳಗುತ್ತಿತ್ತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕಹಳೆಗಾರನಾದ ಟಿಮ್ಮಿ ಟ್ರಂಪೆಟ್ ತಾನೇ ಬಂದು ಮೈದಾನದಲ್ಲಿ ನಿಂತು ಊದಿದನು. ಯುದ್ಧಕ್ಕೆ ಹೊರಟ ಅರಸನಿಗಾದರೂ ಇದಕ್ಕಿಂತ ಹೆಚ್ಚಿನ ಮರ್ಯಾದೆ ಇದ್ದೀತೆ? ಆ ನವೆಂಬರಿನಲ್ಲಿ ಮೆಟ್ಸ್ ತಂಡದವರು ಐದು ವರ್ಷಗಳಿಗೆ ೧೦ ಕೋಟಿ ೨೦ ಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡರು. ರಿಲೀಫ್ ಪಿಚರ್ ಒಬ್ಬನಿಗೆ ಅದುವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ.

ಇದು ಅವನ ನಿಜವಾದ ಬೆಲೆ. ಅವನಿಗೆ ಇನ್ನೊಂದು ಬೆಲೆಯೂ ಇತ್ತು.

೧೯೮೦ರಲ್ಲಿ ಡೇನಿಯಲ್ ಒಕ್ರೆಂಟ್ ಎಂಬ ಬರಹಗಾರನು ಕೆಲವು ಗೆಳೆಯರನ್ನು ಕೂಡಿಕೊಂಡು ನ್ಯೂಯಾರ್ಕಿನಲ್ಲಿ ಒಂದು ವಿಚಿತ್ರವಾದ ಆಟವನ್ನು ಹೂಡಿದನು. ಪ್ರತಿಯೊಬ್ಬನೂ ಒಂದೊಂದು ತಂಡದ ಯಜಮಾನ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಆಟಗಾರರು ನಿಜವಾದವರು, ಯಜಮಾನಿಕೆ ಮಾತ್ರ ಕನಸಿನದು. ಕೊಂಡ ಆಟಗಾರರು ತಮ್ಮ ತಮ್ಮ ಮೈದಾನಗಳಲ್ಲಿ ಗಳಿಸಿದ ಅಂಕಿಗಳನ್ನು ಕೂಡಿ ಋತುವಿನ ಕೊನೆಗೆ ಯಾರ ತಂಡ ಮೇಲೆಂದು ನೋಡುವುದು. ಅವರು ಸೇರುತ್ತಿದ್ದ ಫ್ರೆಂಚ್ ಭೋಜನಶಾಲೆಯ ಹೆಸರಿನಿಂದ ಅದಕ್ಕೆ ‘ರೊಟಿಸರಿ’ ಎಂದು ಹೆಸರಾಯಿತು. ಫ್ಯಾಂಟಸಿ ಬೇಸ್‌ಬಾಲ್ ಎಂದು ಇಂದು ಲಕ್ಷಾಂತರ ಜನ ಆಡುವ ಮನೋರಾಜ್ಯದ ಆಟದ ಮೂಲ ಇದೇ. ಹರಾಜಿನಲ್ಲಿ ಪ್ರತಿಯೊಬ್ಬ ಯಜಮಾನನ ಕೈಯಲ್ಲಿರುವ ಲೆಕ್ಕದ ಹಣ ೨೬೦ ಡಾಲರು. ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ. ಹೀಗಾಗಿ ಸಂಸಾರ ನಡೆಸುವವರ ಎಚ್ಚರವೆಲ್ಲ ಇಲ್ಲಿಯೂ ಬೇಕು. ಒಬ್ಬನಿಗೆ ಹೆಚ್ಚು ಸುರಿದರೆ ಇನ್ನೊಬ್ಬನಿಗೆ ಉಳಿಯದು.

ಈ ಲೆಕ್ಕದಲ್ಲಿ ಪಿಚರುಗಳ ಐದು ಗುಣಗಳನ್ನು ಎಣಿಸುವುದು ರೂಢಿ. ಅವುಗಳಲ್ಲೊಂದು ‘ಸೇವ್’, ಎಂದರೆ ಕಾಪಾಡಿದ ಆಟ. ಮೂರು ರನ್‌ಗಳೊಳಗಿನ ಮುನ್ನಡೆಯನ್ನು ಕೊನೆಯ ಸರದಿಯಲ್ಲಿ ಉಳಿಸಿಕೊಟ್ಟವನಿಗೆ ಸಾಮಾನ್ಯವಾಗಿ ಇದು ಸಲ್ಲುತ್ತದೆ. ಇದರ ಹುಟ್ಟು ಸ್ವಾರಸ್ಯವಾದುದು. ೧೯೫೯ರಲ್ಲಿ ಪಿಟ್ಸ್‌ಬರ್ಗ್ ತಂಡದ ರಿಲೀಫ್ ಪಿಚರ್ ರಾಯ್ ಫೇಸ್ ಎಂಬವನ ಹೆಸರಿನಲ್ಲಿ ೧೮ ಗೆಲುವು, ಒಂದೇ ಸೋಲು ದಾಖಲಾದುವು. ಷಿಕಾಗೊ ನಗರದ ಪತ್ರಿಕಾ ವರದಿಗಾರ ಜೆರೋಮ್ ಹೋಲ್ಟ್ಸ್‌ಮನ್‌ನಿಗೆ ಇದು ಸರಿಕಾಣಲಿಲ್ಲ. ಫೇಸ್ ಹಲವು ಸಲ ಕೈಯಲ್ಲಿದ್ದ ಮುನ್ನಡೆಯನ್ನು ಕಳೆದು, ಬಳಿಕ ಜೊತೆಗಾರರ ದಾಂಡಿನ ಬಲದಿಂದ ಗೆಲುವನ್ನು ತನ್ನ ಖಾತೆಗೆ ಬರೆಸಿಕೊಂಡಿದ್ದನು. ಕಳೆದವನಿಗೆ ಕೀರ್ತಿ, ಕಾಯ್ದವನಿಗೆ ಏನೂ ಇಲ್ಲವೆಂದರೆ ಯಾವ ನ್ಯಾಯ? ಹೀಗೆ ಯೋಚಿಸಿ ಹೋಲ್ಟ್ಸ್‌ಮನ್ ‘ಸೇವ್’ ಎಂಬ ಅಳತೆಯನ್ನು ಕಂಡುಹಿಡಿದನು. ೧೯೬೯ರಲ್ಲಿ ಅದು ಅಧಿಕೃತವಾಯಿತು.

ರನ್ ಹೊಡೆಯುವವರು ಪ್ರತಿ ತಂಡದಲ್ಲಿಯೂ ಒಂಬತ್ತು ಜನ. ಸೇವ್ ಗಳಿಸುವವನು ಸಾಮಾನ್ಯವಾಗಿ ಒಬ್ಬನೇ. ಆದುದರಿಂದ ಮನೋರಾಜ್ಯದ ಯಜಮಾನರು ಡೀಯಾಸನಂತಹವನಿಗಾಗಿ ಹಣವನ್ನು ಮುಂದಾಗಿಯೇ ಎತ್ತಿಡುತ್ತಾರೆ. ಹರಾಜುಗಳು ನಡೆಯುವುದು ಮಾರ್ಚ್ ತಿಂಗಳಿನಲ್ಲಿ. ಮಯಾಮಿಯ ಆ ರಾತ್ರಿಯ ಹೊತ್ತಿಗೆ ಕೆಲವರ ಹರಾಜು ಮುಗಿದಿತ್ತು, ಕೆಲವರದು ಇನ್ನೂ ಆಗಬೇಕಾಗಿತ್ತು. ಆಗಬೇಕಾದವರು ಪಟ್ಟಿಯ ಮೇಲ್ತುದಿಯಲ್ಲಿದ್ದ ಹೆಸರಿನ ಮೇಲೊಂದು ಗೆರೆಯೆಳೆದು ಪಾರಾದರು. ಮುಗಿಸಿದವರು ಕೆಟ್ಟರು. ಮೆಟ್ಸ್ ತಂಡಕ್ಕಾದರೋ ಪಂದ್ಯಾವಳಿಯ ವಿಮೆಯಿದ್ದು ಆಟಗಾರನ ಸಂಬಳವನ್ನು ತುಂಬಿಕೊಡುವ ಏರ್ಪಾಡಿತ್ತು. ಕನಸಿನ ಯಜಮಾನನಿಗೆ ಯಾವ ವಿಮೆ?

ಒಬ್ಬನು ಬಿದ್ದ ಜಾಗದಲ್ಲಿ ಇನ್ನೊಬ್ಬನ ಬೆಲೆ ಏಳುವುದು ಈ ಪೇಟೆಯ ಧರ್ಮ. ಅದೇ ತಂಡದಲ್ಲಿ ಮೂವತ್ತೇಳು ವರ್ಷದ ಡೇವಿಡ್ ರಾಬರ್ಟ್‌ಸನ್ ಎಂಬ ಅನುಭವಿ ಪಿಚರ್ ಇದ್ದನು. ನಿನ್ನೆಯವರೆಗೆ ಅಗ್ಗದ ಸರಕಾಗಿದ್ದವನು ಬೆಳಗಾಗುವುದರೊಳಗೆ ಬೇಡಿಕೆಯವನಾದನು. ಡೀಯಾಸನ ಮೊಣಕಾಲು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದ ದಿನವೇ ಸಾವಿರಾರು ಮನೆಗಳಲ್ಲಿ ಜನ ಕುಳಿತು ಎಂಟು ತಿಂಗಳನ್ನು ಬೆರಳಲ್ಲಿ ಎಣಿಸಿದರು: ಮಾರ್ಚ್ ನಡುವಿನಿಂದ ಎಂಟು ತಿಂಗಳೆಂದರೆ ನವೆಂಬರ್ ನಡು, ಋತು ಮುಗಿಯುವುದು ಅಕ್ಟೋಬರ್ ಮೊದಲಿಗೆ, ಆದುದರಿಂದ ಈ ಮನುಷ್ಯನ ಈ ವರ್ಷದ ಬೆಲೆ ಸೊನ್ನೆ. ಲೆಕ್ಕದಲ್ಲಿ ತಪ್ಪಿಲ್ಲ. ಹಾಗೆ ಎಣಿಸಿದವರನ್ನು ಕಲ್ಲೆದೆಯವರೆನ್ನುವುದೂ ನ್ಯಾಯವಲ್ಲ. ಅವರಲ್ಲಿ ಎಷ್ಟೋ ಮಂದಿ ಹಿಂದಿನ ವರ್ಷ ಆ ಕಹಳೆಯ ಧ್ವನಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದವರೇ. ಆದರೂ ಮನುಷ್ಯನೊಬ್ಬನು ಇನ್ನೂ ಅರಿವಳಿಕೆಯಿಂದ ಏಳುವ ಮೊದಲೇ ಅವನ ಬೆಲೆಯ ಇತ್ಯರ್ಥವಾಗಿಬಿಡುವುದರಲ್ಲಿ ಏನೋ ಒಂದು ಆತುರವಿದೆಯೆನ್ನದೆ ವಿಧಿಯಿಲ್ಲ.

ಆ ವರ್ಷ ಡೀಯಾಸ್ ಆಡಲಿಲ್ಲ. ಋತುವಿನ ಕೊನೆಯಲ್ಲಿ ಮತ್ತೆ ಚೆಂಡು ಹಿಡಿದು ಅಭ್ಯಾಸ ನಡೆಸುತ್ತಿದ್ದನಾದರೂ, ೭೫ ಗೆದ್ದು ೮೭ ಸೋತ ತಂಡಕ್ಕೆ ಅವನನ್ನು ಅವಸರದಿಂದ ಇಳಿಸಬೇಕಾದ ಕಾರಣವೇ ಉಳಿದಿರಲಿಲ್ಲ. ರಾಬರ್ಟ್‌ಸನ್‌ನನ್ನೂ ಜುಲೈ ತಿಂಗಳಿನಲ್ಲಿಯೇ ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದರು. ಪೇಟೆಯ ಸಿರಿ ಅಷ್ಟರದು.

೨೦೨೪ರಲ್ಲಿ ಮರಳಿ ಬಂದಾಗ ಹರಾಜುದಾರರು ಅವನಿಗೆ ಹಳೆಯ ಬೆಲೆಯನ್ನೇ ಹೆಚ್ಚುಕಡಿಮೆ ಕೊಟ್ಟರು. ಕಾಲು ಕೂಡಿತ್ತು. ಆದರೆ ಹಿಂದೆ ಗಂಟೆಗೆ ಸರಾಸರಿ ೯೯ ಮೈಲಿಯ ವೇಗದಲ್ಲಿ ಹೋಗುತ್ತಿದ್ದ ಚೆಂಡು ಈಗ ಒಂದು ಮೈಲಿಗೂ ಮಿಕ್ಕಿ ನಿಧಾನವಾಗಿತ್ತು. ಕೇಳುವುದಕ್ಕೆ ಅಲ್ಪ, ಎದುರಿಗೆ ದಾಂಡು ಹಿಡಿದು ನಿಂತವನಿಗೆ ಅದು ಕಣ್ಣು ಮಿಟುಕಿಸುವಷ್ಟು ಬಿಡುವು. ಮೇ ತಿಂಗಳಿನಲ್ಲಿ ಅವನು ಒಂದರಮೇಲೊಂದಾಗಿ ಆಟಗಳನ್ನು ಕೈಬಿಟ್ಟನು. ಅವುಗಳಲ್ಲಿ ಒಂದು ನಡೆದುದು, ವಿಧಿಯ ಕುಚೇಷ್ಟೆಯೆಂಬಂತೆ, ಮಯಾಮಿಯ ಅದೇ ಮೈದಾನದಲ್ಲಿ. ಮೇ ೧೮ರಂದು ತಂಡ ೯-೫ರಿಂದ ಮುಂದಿದ್ದಾಗ ಒಂಬತ್ತನೆಯ ಸರದಿಗೆ ಬಂದ ಡೀಯಾಸ್ ನಾಲ್ಕು ರನ್ ಬಿಟ್ಟುಕೊಟ್ಟನು. ಹೆಚ್ಚಿನ ಸರದಿಯಲ್ಲಿ ಮೆಟ್ಸ್ ಸೋತಿತು. ತನ್ನ ಮೇಲಿನ ವಿಶ್ವಾಸ ತನಗೇ ಪೂರ್ತಿಯಾಗಿಲ್ಲವೆಂದು ಅವನು ಮರೆಮಾಚದೆ ಒಪ್ಪಿಕೊಂಡನು. ಪಿಚರ್ ಒಬ್ಬನ ಬಾಯಿಂದ ಬರಲು ಇದಕ್ಕಿಂತ ಕಷ್ಟವಾದ ಮಾತಿಲ್ಲ. ಒಂಬತ್ತನೆಯ ಸರದಿಯ ಹೊಣೆಯನ್ನು ಕೆಲಕಾಲ ಅವನಿಂದ ತೆಗೆದರು. ಆ ತಿಂಗಳ ಕೊನೆಗೆ ಹೆಗಲಿನ ನೋವು ಬಂದಿತು. ಜೂನ್‌ನಲ್ಲಿ ಕೈಗೆ ಅಂಟು ಹಚ್ಚಿಕೊಂಡಿರುವನೆಂಬ ಆರೋಪದ ಮೇಲೆ ಹತ್ತು ಪಂದ್ಯಗಳ ನಿಷೇಧ. ವರ್ಷದ ಕೊನೆಗೆ ಸೇವ್‌ಗಳು ೨೦, ಸರಾಸರಿ ೩.೫೨. ಎಲುಬಿಗೆ ರಜ್ಜು ಕೂಡಿದ ದಿನವನ್ನು ವೈದ್ಯನು ಹೇಳಬಲ್ಲ. ಮನಸ್ಸಿಗೆ ಕಾಲು ಕೂಡಿದ ದಿನವನ್ನು ಹೇಳುವವರಾರು?

೨೦೨೫ರಲ್ಲಿ ಅದೂ ಕೂಡಿತು. ೨೮ ಸೇವ್, ಸರಾಸರಿ ೧.೬೩. ಆ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದವರು ಮೂರು ವರ್ಷಗಳಿಗೆ ೬ ಕೋಟಿ ೯೦ ಲಕ್ಷ ಡಾಲರು ಕೊಟ್ಟು ಅವನನ್ನು ಕರೆದೊಯ್ದರು. ಅಂಕಿಗಳ ಮಟ್ಟಿಗೆ ಕಥೆ ಸುಖಾಂತ.

ಆದರೆ ಅವನ ಚೇತರಿಕೆಯನ್ನು ನೋಡಬೇಕೆನ್ನುವವರು ೨೦೨೫ರ ಅಂಕಿಗಳಿಗಿಂತ, ಆ ಕೆಟ್ಟ ವರ್ಷದ ಕೊನೆಯ ಒಂದು ಮಧ್ಯಾಹ್ನವನ್ನೇ ನೋಡಬೇಕು. ೨೦೨೪ರ ಸೆಪ್ಟೆಂಬರ್ ೩೦, ಅಟ್ಲಾಂಟಾ ನಗರ. ಮುಂದಿನ ಘಟ್ಟಕ್ಕೆ ಏರಲು ಮೆಟ್ಸ್ ತಂಡಕ್ಕೆ ಆ ದಿನದ ಎರಡು ಪಂದ್ಯಗಳಲ್ಲಿ ಒಂದು ಗೆಲುವು ಬೇಕಿತ್ತು. ಮೊದಲ ಪಂದ್ಯದ ಎಂಟನೆಯ ಸರದಿಯಲ್ಲಿ ಆರು ರನ್ ಬಾರಿಸಿ ತಂಡವು ೬-೩ರಿಂದ ಮುಂದೆ ಬಂದಿತು. ಎದುರಾಳಿಯ ಸರದಿಯ ನಡುವೆ ಡೀಯಾಸನನ್ನು ಕರೆದರು. ಹಿಂದಿನ ದಿನವೂ ಎಸೆದಿದ್ದವನು. ಚೆಂಡೊಂದು ನೆಲದ ಮೇಲೆ ಉರುಳುತ್ತ ಮೊದಲ ಬೇಸ್‌ನ ಕಡೆಗೆ ಹೋಯಿತು. ಕಾವಲುಗಾರ ಅದನ್ನು ಹಿಡಿದನು. ಇಂತಹ ಹೊತ್ತಿನಲ್ಲಿ ಪಿಚರ್ ಓಡಿಹೋಗಿ ತೆರವಾದ ಬೇಸ್ ಕಾಯಬೇಕು. ಅರುವತ್ತು ಅಡಿಗಿಂತ ತುಸು ಹೆಚ್ಚಿನ ದೂರ. ಡೀಯಾಸ್ ಓಡಲಿಲ್ಲ, ಓಡಬೇಕೆನ್ನಿಸಿದಾಗ ಹೊತ್ತು ಮೀರಿತ್ತು. ದಣಿವೋ, ಮರೆವೋ, ಕಾಲಿನ ಹಳೆಯ ಅಂಜಿಕೆಯೋ, ನೋಡಿದವರಿಗೆ ತೋರಿದಂತೆ. ಸ್ವಲ್ಪ ಹೊತ್ತಿನಲ್ಲಿ ಒಂದೇ ಹೊಡೆತಕ್ಕೆ ಮೂವರು ಮನೆ ಸೇರಿ ಲೆಕ್ಕ ೬-೭ ಆಯಿತು.

ಒಂಬತ್ತನೆಯ ಸರದಿಯಲ್ಲಿ ಫ್ರಾನ್ಸಿಸ್ಕೊ ಲಿಂಡೋರ್ ಚೆಂಡನ್ನು ಬೇಲಿಯಾಚೆಗೆ ಕಳುಹಿಸಿ ಎರಡು ರನ್ ತಂದನು. ಪೋರ್ಟೊರಿಕೊದವನೇ, ಮಯಾಮಿಯ ರಾತ್ರಿಯಲ್ಲಿ ಅದೇ ತಂಡಕ್ಕಾಗಿ ಆಡಿದವನೇ. ೮-೭. ಇನ್ನು ಮೂವರನ್ನು ಔಟ್ ಮಾಡಬೇಕು. ಎಸೆಯಲು ಬಂದವನು ಮತ್ತೆ ಡೀಯಾಸ್. ಎಲ್ಲ ಸೇರಿ ಅಂದು ಅವನೆಸೆದ ಚೆಂಡುಗಳು ನಲವತ್ತು. ಒಂದು ದಿನಕ್ಕೆ ಅಂತಹವನಿಂದ ಸಾಮಾನ್ಯವಾಗಿ ಕೇಳುವುದಕ್ಕಿಂತ ಎರಡು ಪಾಲು. ಕೊನೆಯವನೂ ಔಟಾದನು.

ಮುನ್ನಡೆಯನ್ನು ಕಳೆದಿದ್ದನಾದುದರಿಂದ ಅವನಿಗೆ ಸೇವ್ ಸಲ್ಲಲಿಲ್ಲ. ಮನೋರಾಜ್ಯದ ಯಜಮಾನರು ಸಂಜೆ ಅಂಕಿಪಟ್ಟಿಯನ್ನು ತೆರೆದಾಗ ಅವರಿಗೆ ಕಂಡುದು, ರಾಯ್ ಫೇಸನ ಕಾಲದಲ್ಲಿ ಹೋಲ್ಟ್ಸ್‌ಮನ್‌ನನ್ನು ರೇಗಿಸಿದ್ದ ಅದೇ ಹಳೆಯ ಬರಹ: ಗೆದ್ದ ಪಿಚರ್, ಡೀಯಾಸ್.