ಒಂದನೇ ನಂಬರಿನ ಕೆಲಸ

ಮರೆವು ನನಗೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಮದ್ದಾಗಲೆಂದು, ರಜೆಗೆ ಕೊಳ್ಳೇಗಾಲಕ್ಕೆ ಬಂದಿದ್ದ ಮಗ ನನ್ನ ಹಳೆಯ ಕಂಪ್ಯೂಟರಿನಲ್ಲಿ ‘ಟುಡು ಟೆಕ್ಸ್ಟ್’ ಎಂಬುದೊಂದನ್ನು ಹಾಕಿಕೊಟ್ಟ. ಅಮೆರಿಕದ ಗಿನಾ ಟ್ರಪಾನಿ ಎಂಬಾಕೆ 2006ರಲ್ಲಿ ಮಾಡಿದ್ದು. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯ ಮೇಲೆ ಅಪ್ಪಣೆಯನ್ನು ಟೈಪು ಮಾಡಬೇಕು. ‘ಆಡ್’ ಎಂದು ಕೆಲಸದ ಹೆಸರು ಬರೆದರೆ ಅದು ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ‘ಎಲ್‌ಎಸ್’ ಎಂದರೆ ಪಟ್ಟಿಯೆಲ್ಲ ನಂಬರಿನೊಡನೆ ಎದುರಿಗೆ ಬರುತ್ತದೆ. ‘ಡು’ ಎಂದು ನಂಬರು ಕೊಟ್ಟರೆ ಆ ಸಾಲು ಅಂದಿನ ತಾರೀಖು ಹೊತ್ತು, ಮುಗಿದ ಕೆಲಸಗಳ ಕಡತಕ್ಕೆ ಹೊರಟುಹೋಗುತ್ತದೆ.

ಮೊದಲ ದಿನ ಏಳು ಕೆಲಸ ಬರೆದೆ. ಕರೆಂಟ್ ಬಿಲ್ಲು, ಹನೂರಿನ ಜಮೀನಿನ ಕಂದಾಯ, ಕನ್ನಡಕದ ರಿಪೇರಿ, ಹೀಗೆ. ಏಳನೆಯದು ಯಳಂದೂರಿನ ಅಕ್ಕನನ್ನು ನೋಡಿ ಬರುವುದು. ತೀರ ಅಗತ್ಯವಾದವಕ್ಕೆ ‘ಎ’ ಎಂಬ ಗುರುತು ಹಾಕಬಹುದು. ಬಿಲ್ಲಿಗೆ ಹಾಕಿದೆ, ಕಂದಾಯಕ್ಕೆ ಹಾಕಿದೆ, ಅಕ್ಕನಿಗೆ ಹಾಕಲಿಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಆ ಗಡಿ ದಾಟಿಯೇ ನಮ್ಮಜ್ಜಿ ಹಬ್ಬಹಬ್ಬಕ್ಕೂ ತವರಿಗೆ ಹೋಗಿಬರುತ್ತಿದ್ದಳಂತೆ. ನನಗೆ ಗಡಿಯೂ ಇಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆ. ಅಷ್ಟು ಹತ್ತಿರದ ಊರಿಗೆ ಅವಸರವೇನು?

ಈ ಪಟ್ಟಿಯಲ್ಲಿ ಒಂದು ಏರ್ಪಾಡುಂಟು. ಮೇಲಿನ ಸಾಲು ಮುಗಿದು ಹೋದರೆ ಕೆಳಗಿನವು ಒಂದೊಂದು ನಂಬರು ಮೇಲೇರುತ್ತವೆ. ಸರ್ಕಾರಿ ಕಛೇರಿಯಲ್ಲಿ ಮೇಲಿನವರು ನಿವೃತ್ತರಾದರೆ ಕೆಳಗಿನವರಿಗೆ ಬಡ್ತಿ ಸಿಕ್ಕಿದ ಹಾಗೆ. ಅಕ್ಕ ಏಳರಿಂದ ಐದಕ್ಕೆ ಬಂದಳು, ಸಂಕ್ರಾಂತಿಗೆ ಎರಡಾದಳು, ಯುಗಾದಿಗೆ ಒಂದನೇ ನಂಬರಾದಳು. ಬಡ್ತಿ ಕೊಟ್ಟದ್ದು ನನ್ನ ಸೋಮಾರಿತನ. ನಾಚಿಕೆಯಾಗಿ ಮರುದಿನವೇ ಬಸ್ಸು ಹತ್ತಿದೆ.

ಅಕ್ಕ ಜಗಲಿಯ ಮೇಲೆ ಕುಳಿತಿದ್ದಳು. “ಬಂದ್ಯಾ ತಮ್ಮ” ಎಂದವಳೇ ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು. ನಮ್ಮ ಮನೆಯ ಹೆಂಗಸರ ಪಟ್ಟಿ ಅದು. ಮರೆಯಬಾರದ ಮಾತಿಗೊಂದು ಗಂಟು. ಬಿಚ್ಚಿದ ಸೆರಗನ್ನೇ ಸ್ವಲ್ಪ ಹೊತ್ತು ನೋಡಿದಳು.

“ನೀ ಬಂದಾಗ ಏನೋ ಹೇಳ್ಬೇಕು ಅಂತ ದೀಪಾವಳಿಯಿಂದ ಸೀರೆ ಬದಲಾಯ್ಸಿದಾಗೆಲ್ಲ ಗಂಟು ಹಾಕ್ಕೋತಾನೇ ಇದ್ದೆ ಕಣೋ. ಏನು ಅಂತ ಈಗ ಗ್ಯಾಪಕಕ್ಕೇ ಬರ್ತಿಲ್ಲ.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ರಾತ್ರಿ ಮನೆಗೆ ಬಂದು ‘ಡು 1’ ಎಂದು ಟೈಪು ಮಾಡಿದೆ. ಸಾಲು ತಾರೀಖು ಹೊತ್ತು ಹೊರಟುಹೋಯಿತು. ಪರದೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಅದೇ ಸಾಲನ್ನು ಮತ್ತೆ ಸೇರಿಸಿದೆ. ಈ ಸಲ ‘ಎ’ ಗುರುತನ್ನೂ ಹಾಕಿದೆ.