ಕಾರಿನ ಎಣ್ಣಿ ಯಾಕ ಹೆಚ್ಚಾತು?

ಈ ಸಲ ಅಡಗಿ ವಿಷಯ ಅಲ್ರಿ, ಕಾರಿನ ವಿಷಯ. "ಇಕಿಗೆ ಕಾರ್ ಹೊಡೀಲಿಕ್ಕ ಬರೂದಿಲ್ಲ, ಕಾರಿನ ಮ್ಯಾಲೆ ಏನ್ ಬರೀತಾಳ" ಅಂತ ನಗಬ್ಯಾಡ್ರಿ. ಖರೇನ ನನಗ ಹೊಡೀಲಿಕ್ಕ ಬರೂದಿಲ್ಲ. ಆದ್ರ ಇಂಜಿನ್ ಎಣ್ಣಿ ಮೂಸಿ ನೋಡ್ಲಿಕ್ಕ ಬರ್ತದ. ಅದನ್ನ ಹ್ಯಾಂಗ ಕಲ್ತೆ ಅನ್ನೋದನ್ನ ಇಷ್ಟ ವರ್ಷ ಯಾರ ಮುಂದನೂ ಹೇಳಿದ್ದಿಲ್ಲ, ನಮ್ಮನಿಯವರ ಮುಂದ ಸುದ್ದಾ.

ಹೋದ ವರ್ಷ ದೀಪಾವಳಿ ಮುಗಿಸ್ಕೊಂಡು ಮಗಳ ಬಾಣಂತನಕ್ಕ ಕೆನಡಾದ ವಿನ್ನಿಪೆಗ್‌ಗೆ ಹೋಗಿದ್ದೆ ಅಂತ ನಿಮಗೆಲ್ಲಾ ಗೊತ್ತದ. ಅಲ್ಲಿ ಥಂಡಿ ಅಂದ್ರ ನಮ್ಮ ಧಾರವಾಡದ ಥಂಡಿ ಅಲ್ಲ. ಜನವರಿಯೊಳಗ ಸೊನ್ನಿಗಿಂತ ಕೆಳಗ 30 ಡಿಗ್ರಿ ತನಕಾ ಇಳೀತದ. ಅಲ್ಲೆ ಕಾರುಗಳ ಮೂತಿ ಮುಂದ ಒಂದ ವೈರು ಜೋತಾಡ್ತಿರ್ತದ, ತುದೀಗೆ ಪ್ಲಗ್ಗು. ಮೊದಲನೇ ದಿನ ನೋಡಿ "ಇದೇನವಾ, ಕರೆಂಟಿನ ಕಾರೇನು?" ಅಂದೆ. ಮಗಳು ಹೊಟ್ಟಿ ಹಿಡ್ಕೊಂಡು ನಕ್ಲು. ಗಾಡಿ ಪೆಟ್ರೋಲಿಂದನ ಅಂತ. ರಾತ್ರಿ ನಿಂತಾಗ ಇಂಜಿನ್ನು ಬೆಚ್ಚಗ ಇರ್ಲಿ ಅಂತ ಆ ಪ್ಲಗ್ ಹಚ್ಚತಾರಂತ. ಆದ್ರ ಇವರ ಅಪಾರ್ಟ್‌ಮೆಂಟಿನಾಗ ಇವರ ಗಾಡಿ ನಿಂದ್ರಸೋ ಜಾಗಾದಾಗ ಆ ಸವಲತ್ತು ಇದ್ದಿದ್ದಿಲ್ಲ.

ಅಳಿಯಂದ್ರು ಬಸ್ಸಿನಾಗ ಆಫೀಸಿಗೆ ಹೋಗ್ತಾರ. ಗಾಡಿ ಹೋಗೋದು ಎಲ್ಲಿಗೆ? ಕಾಯಿಪಲ್ಲೆ ಅಂಗಡಿಗೆ 2 ಕಿಲೋಮೀಟರ್, ದವಾಖಾನಿಗೆ 3 ಕಿಲೋಮೀಟರ್. ಇಳಿಯೂದು, ಹತ್ತೂದು, ಮನಿ. ಹೊಂಡೋಕ್ಕಿಂತ ಹತ್ತ ನಿಮಿಷ ಮೊದಲ ಮನಿಯೊಳಗಿಂದನ ರಿಮೋಟ್ ಒತ್ತಿ ಚಾಲೂ ಮಾಡಿ ಬಿಡ್ತಿದ್ರು, ಕೂಸಿಗೆ ಥಂಡಿ ಹತ್ತಬಾರದಂತ.

ಕೂಸಿಗೆ ಹನ್ನೆರಡ ದಿನ ಆದಾಗ ದವಾಖಾನಿಗೆ ತೋರಿಸ್ಲಿಕ್ಕ ಹೊಂಟ್ವಿ. ನಾನೂ ಕೂಸೂ ಹಿಂದ. ಹೀಟರ್ ಹಚ್ಚಿದ ಕೂಡ್ಲೆ ಪೆಟ್ರೋಲ್ ವಾಸನಿ ಬಂತು. ಭಾಳ ಅಲ್ಲ, ಸೂಕ್ಷ್ಮ. "ವಾಸನಿ ಬರಾಕತ್ತದ ಅಲ್ಲಾ?" ಅಂದೆ. "ನಿನ್ನೆ ಪೆಟ್ರೋಲ್ ಹಾಕ್ಸೇನಲ್ಲ ಅತ್ತಿ, ಅದಕ್ಕ ಇರಬೇಕು" ಅಂದ್ರು ಅಳಿಯಂದ್ರು. ನಾಕ ದಿನ ಬಿಟ್ಟ ಮತ್ತ ಹೋದ್ವಿ, ಮತ್ತ ಅದ ವಾಸನಿ. ಹಾಲ ಕುಡಿಯೋ ಕೂಸು, ಮೂಗಿನ್ನೂ ಬಟಾಣಿಯಷ್ಟಿಲ್ಲ. ನನಗ ಕೂಡ್ಲಿಕ್ಕೂ ಆಗ್ಲಿಲ್ಲ, ನಿಂದ್ರಲಿಕ್ಕೂ ಆಗ್ಲಿಲ್ಲ. ಆದ್ರ ಅತ್ತಿ ಆದಾಕಿ ಅಳಿಯಗ ಕಾರಿನ ಬಗ್ಗೆ ಹೆಂಗ ಹೇಳೂದ್ರಿ? ಅವರು ಇಂಜಿನಿಯರ್, ನಾ ಪಿಯುಸಿ. ಅಂಟಿನುಂಡಿ ಕಟ್ಟಲಿಕ್ಕ ಬಂದಾಕಿ ನಾನು.

ಒಂದ ರವಿವಾರ ತಡೀಲಾರದ ಕೇಳೇಬಿಟ್ಟೆ. "ಎಣ್ಣಿ ನೋಡೋ ಕಡ್ಡಿ ಇರ್ತದಲ್ರಿ, ಅದನ್ನೊಮ್ಮೆ ತಗದ ತೋರಸ್ರಿ" ಅಂದೆ. ನನ್ನ ಮನಸ್ಸು ಮುರೀಬಾರದು ಅಂತ ಪಾಪ ಕೈಗವಸು ಹಾಕ್ಕೊಂಡು ಬಾನೆಟ್ ಎತ್ತಿದ್ರು. ಕಡ್ಡಿ ತಗದು, ವರಸಿ, ಮತ್ತ ಎದ್ದಿ ತಗದ್ರು. "ನೋಡ್ರಿ ಅತ್ತಿ, ಫುಲ್ ಅದ. ಮ್ಯಾಲಿನ ಗುರ್ತಿಗಿಂತಾನೂ ಒಂದ ಬಟ್ಟು ಜಾಸ್ತಿನ ಅದ. ಈ ಗಾಡಿ ಎಣ್ಣಿ ಕುಡಿಯೂದ ಇಲ್ಲ" ಅಂತ ಖುಷೀಲೆ ಹೇಳಿದ್ರು.

ಆ ಮಾತ ಕೇಳಿ ನನ್ನ ಕಾಲು ಥರಾ ಥರಾ ನಡುಗಿದ್ವು. ಥಂಡಿಗೆ ಅಲ್ಲ.

ಇದ ಮಾತನ್ನ ನಾ 1987ರಾಗ ಆಡಿದ್ದೆ. "ಫುಲ್ ಅದ ಅಪ್ಪಾ."

ಅಪ್ಪ ಊರಾಗ ಹಿಟ್ಟಿನ ಗಿರಣಿ ಇಟ್ಟಿದ್ದು ಹಳೇ ಮಂದಿಗೆಲ್ಲಾ ನೆನಪದ. ಕರೆಂಟಿನ ಭರೋಸಾ ಇದ್ದಿದ್ದಿಲ್ಲ, ಡೀಸೆಲ್ ಇಂಜಿನ್ ಮ್ಯಾಲೆ ಗಿರಣಿ ನಡೀತಿತ್ತು. ಮುಂಜಾನೆ ಕಾಲೇಜಿಗೆ ಹೋಗೋ ಮುಂದ ಕಡ್ಡಿ ತಗದು ಎಣ್ಣಿ ನೋಡೂದು ನನ್ನ ಕೆಲಸ. ಕಮ್ಮಿ ಇದ್ರ ಹೇಳಬೇಕು, ಅಪ್ಪ ಹಾಕ್ತಿದ್ರು. ಆ ವರ್ಷ ಬ್ಯಾಸಗೀಗೆ ಒಂದ ವಾರ ಎಣ್ಣಿ ಕಮ್ಮಿನ ಆಗ್ಲಿಲ್ಲ. ದಿನಾ ಒಂದ ಚೂರು ಏರಾಕತ್ತು. ನಾ ಏನ್ ತಿಳ್ಕೊಂಡೆ? ಎಣ್ಣಿ ರೊಕ್ಕ ಉಳೀತಲ್ಲಾ ಅಂತ. ಕಡ್ಡಿಗೆ ಡೀಸೆಲ್ ವಾಸನಿ ಹೊಡೀತಿತ್ತು, ಅದೂ ಗೊತ್ತಾಗಿತ್ತು. ಗಿರಣಿ ಅಂದಮ್ಯಾಲೆ ಡೀಸೆಲ್ ವಾಸನಿ ಇರೂದ ಅಂತ ಸುಮ್ಮನಾದೆ. ಪರೀಕ್ಷಾ ಹತ್ರ ಬಂದಿತ್ತು, ತಲಿ ಅಲ್ಲೇ ಇತ್ತು.

ಸಂತಿ ದಿವಸ, ಮಂದಿ ಜ್ವಾಳದ ಬುಟ್ಟಿ ಹಿಡ್ಕೊಂಡು ನಿಂತಾಗ, ಇಂಜಿನ್ ಧಡಾ ಧಡಾ ಸಪ್ಪಳ ಮಾಡಿ ನಿಂತುಬಿಡ್ತು. ಫಿಟ್ಟರ್ ಬಂದು ಬಿಚ್ಚಿದ. ಬೇರಿಂಗ್ ಸವದು ಕ್ರ್ಯಾಂಕಿಗೆ ಗೆರಿ ಬಿದ್ದಿದ್ವು. ಡೀಸೆಲ್ ಬಿಡೋ ನಾಝಲ್ ತೊಟ್ಟಿಕ್ಕಿ, ಸುಡಲಾರದ ಡೀಸೆಲ್ ಎಲ್ಲಾ ಕೆಳಗ ಇಳದು ಎಣ್ಣಿಯೊಳಗ ಕೂಡಿತ್ತು. ಎಣ್ಣಿ ನೀರಾಗಿತ್ತು. ಅಪ್ಪ ಕೇಳಿದ್ರು: "ಮೂಸಿ ನೋಡಿದ್ದೇನವಾ?"

"ನೋಡಿದ್ದೆ ಅಪ್ಪಾ, ವಾಸನಿ ಏನೂ ಇದ್ದಿದ್ದಿಲ್ಲ" ಅಂದೆ.

ಸುಳ್ಳು ಹೇಳಿದೆ. ಅಪ್ಪ ನಂಬಿದ್ರು. ತಪ್ಪು ಇಂಜಿನ್ ನೋಡ್ಕೋತಿದ್ದ ಹುಡುಗನ ತಲೀಗೆ ಬಂತು. ಅವನ್ನ ಕೆಲಸದಿಂದ ಬಿಡಿಸಿದ್ರು. ಅವ ಹೋಗೋ ಮುಂದ ನಮ್ಮವ್ವನ ಕಾಲ ಮುಟ್ಟಿ ಹೋದ. ನಾ ಬಾಗಲ ಹಿಂದ ನಿಂತಿದ್ದೆ, ಬಾಯಿ ಬಿಡ್ಲಿಲ್ಲ. ಇಂಜಿನ್ ರಿಪೇರಿಗೆ ಹೋದ ರೊಕ್ಕದಾಗ ನನ್ನ ಬಿ.ಎ. ರೊಕ್ಕಾನೂ ಹೋತು. ನೀವೆಲ್ಲಾ "ಅಷ್ಟ ಶಾಣ್ಯಾ ಹುಡುಗಿ, ಯಾಕ ಮುಂದ ಓದ್ಲಿಲ್ಲ" ಅಂತ ಕೇಳ್ತಿದ್ರಿ. ಇದಕ್ಕ.

ಅಂಥಾಕಿ ಅವತ್ತು ವಿನ್ನಿಪೆಗ್ಗಿನಾಗ ಸುಮ್ಮನ ಇರೂದ ಹ್ಯಾಂಗ? ಅಳಿಯಂದ್ರ ಕೈಯಾಗಿನ ಕಡ್ಡಿ ಇಸ್ಕೊಂಡು ಮೂಗಿಗೆ ಹಿಡದೆ. ಪೆಟ್ರೋಲು. "ಎಣ್ಣಿ ತಾನಾಗೇ ಹೆಚ್ಚಾಗೂದಿಲ್ರಿ. ಬ್ಯಾರೆ ಏನೋ ಕೂಡೇದ, ಮೂಸಿ ನೋಡ್ರಿ" ಅಂದೆ. ಅವರೂ ಮೂಸಿದ್ರು. ನಗಿ ನಿಂತ್ತು.

ಗಾಡಿ ಕೊಟ್ಟ ಶೋರೂಮಿಗೆ ಫೋನ್ ಮಾಡಿದ್ರ "ಥಂಡಿಯೊಳಗ ಇದು ನಾರ್ಮಲ್" ಅಂದ್ರಂತ. ಕಡೀಕೆ ಒಬ್ಬ ಪಂಜಾಬಿ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಒಯ್ದ್ವಿ. ಭಾಷಾದ ತ್ರಾಸ ಇಲ್ಲ, ನಮ್ಮ ಹುಬ್ಬಳ್ಳಿ ಹಿಂದಿ ನಡೀತು. ಅವ ಹೇಳಿದ್ದನ್ನ ನಾ ನಮ್ಮ ಒಲಿ ಲೆಕ್ಕದಾಗ ಹೇಳ್ತೀನಿ.

ದ್ವಾಸಿ ಹಂಚಿನ ಮ್ಯಾಲೆ ನೀರ ಚಿಮುಕಿಸ್ತೀವಲ್ಲ? ಹಂಚು ಕಾದಿದ್ರ ಚುರ್ ಅಂತ ಹಾರಿ ಹೋಗ್ತದ. ಕಾಯದಿದ್ರ ಅಲ್ಲೇ ಕೂಡ್ತದ, ಕೆಳಗ ಹರೀತದ. ಇಂಜಿನ್ನೂ ಹಂಗ. ಮೊದಲಿನ ಪೆಟ್ರೋಲ್ ಗಾಡಿಯೊಳಗ ಪೆಟ್ರೋಲು ಹೊರಗನ ಗಾಳಿ ಕೂಡ ಕಲತು ಇಂಜಿನ್ನಿನ ಒಳಗ ಬರ್ತಿತ್ತು. ಈಗಿನ ಡೈರೆಕ್ಟ್ ಇಂಜೆಕ್ಷನ್ ಗಾಡಿಯೊಳಗ ಸೀದಾ ಸಿಲಿಂಡರಿನಾಗನ ಚಿಮುಕಿಸ್ತಾರ. ಒತ್ತಡ ಎಷ್ಟಂದ್ರ, ನಮ್ಮ ಸ್ಕೂಟರ್ ಗಾಲಿಯೊಳಗ ಸುಮಾರು 2 ಬಾರ್ ಗಾಳಿ ಇರ್ತದಲ್ಲ, ಇಲ್ಲೆ 200 ಬಾರಿಗೂ ಮ್ಯಾಲೆ ಹೋಗ್ತದ. ಸಿಲಿಂಡರ್ ಗ್ವಾಡಿ ಕಾದಿದ್ರ ಪೆಟ್ರೋಲು ಆವಿ ಆಗಿ ಸುಡ್ತದ. ತಣ್ಣಗಿದ್ರ ಗ್ವಾಡಿಗೆ ಹತ್ತಿ, ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಕೆಳಗ ಎಣ್ಣಿಗೆ ಇಳೀತದ. ಅದರಾಗ ತಣ್ಣನ ಇಂಜಿನ್ ಚಾಲೂ ಆಗಬೇಕಂದ್ರ ಪೆಟ್ರೋಲ್ ಹೆಚ್ಚಿಗೇನ ಬೇಕು. ಸಣ್ಣ ಇಂಜಿನ್ನಿಗೆ ಟರ್ಬೊ ಕೂಡ್ಸಿ ದೊಡ್ಡ ಇಂಜಿನ್ನಿನ ಕೆಲಸ ತಗೋತಾರ, ಒಳಗಿನ ಒತ್ತಡಾನೂ ಜಾಸ್ತಿ.

ಹಂಗಂದ್ರ ಎಲ್ಲಾ ಗಾಡಿ ಕೆಡ್ತಾವ ಅಂತಲ್ಲ. ಅರ್ಧಾ ತಾಸಿನ ಮ್ಯಾಲೆ ಸಮನಾಗಿ ಓಡಿಸಿದ್ರ ಎಣ್ಣಿ ಕಾಯ್ತದ, ಕೂಡಿದ ಪೆಟ್ರೋಲು ಆವಿ ಆಗಿ ಎದ್ದು, ಒಂದ ಪೈಪಿನಿಂದ ವಾಪಸ್ ಇಂಜಿನ್ನಿಗೆ ಹೋಗಿ ಸುಡ್ತದ. ಆದ್ರ 2 ಕಿಲೋಮೀಟರ್ ಹೋಗಿ ಬಂದು ನಿಂದ್ರಿಸಿದ್ರ? ಹಂಚು ಕಾಯೋಕ್ಕಿಂತ ಮೊದಲ ಒಲಿ ಆರಿಸಿದಂಗ. ದಿನಾ ಇಳಿಯೂದು, ಎಂದೂ ಆರೂದಿಲ್ಲ. ನಿಂತಲ್ಲೇ ಹತ್ತ ನಿಮಿಷ ಚಾಲೂ ಇಡೂದರಿಂದನೂ ಎಣ್ಣಿ ಕಾಯೂದಿಲ್ಲ, ಇನ್ನಷ್ಟು ಪೆಟ್ರೋಲ್ ಇಳೀತದ ಅಷ್ಟ. ಗಾಡಿಯೊಳಗಿನ ಬಿಸಿ ಮುಳ್ಳು ತೋರ್ಸೂದು ನೀರಿನ ಬಿಸಿ. ಎಣ್ಣಿ ಕಾಯಲಿಕ್ಕ ಇನ್ನೂ ಹೊತ್ತು ಬೇಕು.

ಎಣ್ಣಿ ತೆಳುವಾದ್ರ ಏನಾಗ್ತದ? ಟರ್ಬೊ ಒಳಗಿನ ಚಕ್ರ ನಿಮಿಷಕ್ಕ 1 ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗ್ತದಂತ. ಅದು ನಿಂತಿರೂದು ತೆಳ್ಳನ ಎಣ್ಣಿ ಪದರಿನ ಮ್ಯಾಲೆ. ಆ ಪದರು ಹರದ್ರ ಕಬ್ಬಿಣಕ್ಕ ಕಬ್ಬಿಣ ತಿಕ್ಕತದ. ನಮ್ಮ ಗಿರಣಿ ಬೇರಿಂಗಿನ ಕಥಿನ ಅದು.

ಇದು ನಮ್ಮ ಗಾಡಿ ಒಂದರ ರೋಗ ಅಲ್ಲ. 2018ರಾಗ ಚೀನಾದ ಥಂಡಿ ಪ್ರದೇಶದಾಗ ಹೋಂಡಾದ ಸಿಆರ್-ವಿ ಗಾಡಿಗಳಿಗೆ ಇದ ಆಗಿ, ಅಲ್ಲೆ ಹೊಸಾ ಸಿಆರ್-ವಿ ಮಾರಾಟಾನ ಕೆಲವು ಕಾಲ ನಿಂದ್ರಿಸಿದ್ರು. ಇಂಜಿನ್ ಲಗೂ ಕಾಯೋ ಹಂಗ ಸಾಫ್ಟ್‌ವೇರ್ ಬದ್ಲಿ ಮಾಡಿದ್ರು, ಅಮೆರಿಕಾದಾಗ ವಾರಂಟಿ ಸುದ್ದಾ ಹೆಚ್ಚಿಗೆ ಕೊಟ್ರು. ಮಗಳ ಗಾಡಿ ಆ ಕಂಪನಿದಲ್ಲ, ಆದ್ರ ಜಾತಿ ಒಂದ.

ಪುಣ್ಯಾಕ್ಕ ಇಂಜಿನ್ನಿಗೆ ಏನೂ ಆಗಿದ್ದಿಲ್ಲ. ಹಳೇ ಎಣ್ಣಿ ಇಳಿಸಿದ್ರ ತಿಳಿಸಾರಿನಂಗ ಹರೀತು. ಹೊಸಾ ಎಣ್ಣಿ, ಫಿಲ್ಟರ್ ಹಾಕಿದ್ರು. ಈಗ ಕಂಪನಿ ಹೇಳಿದ ಕಿಲೋಮೀಟರ್ ತುಂಬಲಿ ಬಿಡ್ಲಿ, ಚಳಿಗಾಲದಾಗ ಎರಡ ಸಲ ಎಣ್ಣಿ ಬದಲಸ್ತಾರ. ಪ್ಲಗ್ ಇದ್ದ ಜಾಗಾ ಕೇಳಿ ಇಸ್ಕೊಂಡ್ರು. ರವಿವಾರಕ್ಕೊಮ್ಮೆ ಒಂದ ತಾಸು ಹೆದ್ದಾರಿ ಮ್ಯಾಲೆ ಹೋಗಿ ಬರ್ತಾರ. ಆ ವಾಸನಿ ಹೋತು. ಮೊದಲನೇ ರವಿವಾರ ನಾವೆಲ್ಲಾ ಕೂಡಿ ಹೋದ್ವಿ. ನಲವತ್ತ ದಿನ ನಾಕ ಗ್ವಾಡಿ ಒಳಗ ಇದ್ದ ಮಗಳು ಬಿಳೀ ಬಯಲು ನೋಡ್ಕೋತ ತಾನಾಗೇ ಹಾಡು ಗುನುಗುಟ್ಟಲಿಕ್ಕ ಹತ್ತಿದ್ಲು. ಬಾಣಂತಿಗೂ ಗಾಡಿಗೂ ಒಂದ ಔಷಧ ಆತು ಅಂದ್ರು ಅಳಿಯಂದ್ರು.

"ನಿಮಗ ಹ್ಯಾಂಗ ಗೊತ್ತಾತು ಅತ್ತಿ?" ಅಂತ ಅವರು ದಾರಿಯೊಳಗ ಕೇಳಿದ್ರು. "ನಮ್ಮಪ್ಪನ ಗಿರಣಿ ಇತ್ತಲ್ರಿ" ಅಂದೆ. ಅಷ್ಟ ಅಂದೆ. ಉಳದದ್ದನ್ನ ಇವತ್ತ ನಿಮ್ಮ ಮುಂದ ಹೇಳೀನಿ. ಅಪ್ಪ ಈಗಿಲ್ಲ. ಆ ಹುಡುಗಗ ಈಗ ಮೊಮ್ಮಕ್ಕಳಿರಬೇಕು. ನಮ್ಮೂರ ಕಡೀಗೆ ಯಾರಾದ್ರೂ ಅವನ ಗುರ್ತ ಇದ್ದವರಿದ್ರ, ಎಣ್ಣಿ ನೋಡಿದಾಕಿ ನಾ, ಅವಂದೇನೂ ತಪ್ಪಿದ್ದಿಲ್ಲ ಅಂತ ಹೇಳ್ರಿ. ವಿಳಾಸ ಸಿಕ್ರ ನಾನ ಹೋಗಿ ಹೇಳ್ತೀನಿ.

ಇನ್ನ ನಮ್ಮ ಮಾತು. ಹುಬ್ಬಳ್ಳಿ-ಧಾರವಾಡದಾಗ ಆ ಥಂಡಿ ಇಲ್ಲ, ಹಂಗಾಗಿ ಅಷ್ಟ ಹೆದರಿಕಿ ಬ್ಯಾಡ. ಆದ್ರ ಈಗ ಇಲ್ಲೂ ಸಣ್ಣ ಟರ್ಬೊ ಪೆಟ್ರೋಲ್ ಗಾಡಿ ಮನಿ ಮನೀಗೆ ಬಂದಾವ. ನಮ್ಮ ಓಡಾಟಾನೂ ಸಾಲಿಗೆ ಹುಡುಗರನ್ನ ಬಿಟ್ಟು, ಸಂತಿ ಮಾಡಿ, ಮನಿ. ತಿಂಗಳಿಗೊಮ್ಮೆ ಗಾಡಿ ಸಪಾಟ ಜಾಗಾದಾಗ ನಿಂದ್ರಿಸಿ, ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತಗದು ನೋಡ್ರಿ. ಕಮ್ಮಿ ಆಗಿದ್ರ ಹೇಳೂದು ಎಲ್ಲಾರಿಗೂ ಗೊತ್ತು. ಹೆಚ್ಚಾಗಿದ್ರ ಖುಷಿ ಪಡಬ್ಯಾಡ್ರಿ, ಹಂಗ ಬಿಡಲೂಬ್ಯಾಡ್ರಿ, ಗ್ಯಾರೇಜಿಗೆ ಒಯ್ದು ತೋರಸ್ರಿ. ಯಜಮಾನ್ರು ನಕ್ರ ನಗಲಿ.

ಮತ್ತ ಕಡ್ಡಿ ವರಸೋಕ್ಕಿಂತ ಮೊದಲ ಮೂಸಿ ನೋಡ್ರಿ. ವಾಸನಿ ಬಂದ್ರ, ಬಂತು ಅಂತ ಹೇಳ್ರಿ.