ನೋವಿಲ್ಲದ ಕೆಂಪು

ಮೂತ್ರಪಿಂಡದಲ್ಲಿ ಕಲ್ಲಾದರೆ ಓಣಿಗೆಲ್ಲ ಗೊತ್ತಾಗುತ್ತದೆ. ನಡುರಾತ್ರಿ ಪಕ್ಕೆ ಹಿಡಿದು ಹೊರಳಾಡುವವನನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಓಡುತ್ತಾರೆ. ಅದೇ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯುತ್ತಿದ್ದರೆ ಮಗ್ಗುಲಲ್ಲಿ ಮಲಗಿದವರಿಗಿರಲಿ, ಸ್ವತಃ ರೋಗಿಗೇ ಸುಳಿವು ಸಿಗುವುದಿಲ್ಲ. ಬೆನ್ನಿನ ಕಡೆ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಕೊಬ್ಬಿನ ಮೆತ್ತೆಯೊಳಗೆ ಹುದುಗಿ ಕೂತ ಅಂಗ ಅದು. ಒಂದು ಸೋತರೆ ಇನ್ನೊಂದು ಅದರ ಕೆಲಸವನ್ನೂ ಸದ್ದಿಲ್ಲದೆ ಮಾಡಿಕೊಂಡು ಹೋಗುತ್ತದೆ.

ಹಾಗಾಗಿ ಎಷ್ಟೋ ಜನರಿಗೆ ಕಣ್ಣಿಗೆ ಕಾಣುವ ಮೊದಲ ಗುರುತು ಮೂತ್ರದಲ್ಲಿ ರಕ್ತ. ಉರಿಯಿಲ್ಲ, ನೋವಿಲ್ಲ. ಒಂದೆರಡು ದಿನ ಕೆಂಪಗೆ ಹೋಗಿ ತಾನಾಗಿಯೇ ನಿಂತುಬಿಡುತ್ತದೆ. ಎಡವಟ್ಟಾಗುವುದೇ ಇಲ್ಲಿ. ನಮ್ಮ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಉಷ್ಣ! ಎಳನೀರು, ಬಾರ್ಲಿ ಗಂಜಿ, ನೆನೆಸಿದ ಮೆಂತ್ಯ ಶುರುವಾಗುತ್ತವೆ. ರಕ್ತ ನಿಂತ ಕೀರ್ತಿ ಎಳನೀರಿಗೆ ಸಲ್ಲುತ್ತದೆ. ಹೆಂಗಸರಿಗಾದರೆ ಸೋಂಕೆಂದು ಮಾತ್ರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದರ ಮೇಲೇ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ. ಅವರಿಗೂ ಪರೀಕ್ಷೆ ತಪ್ಪಿದ್ದಲ್ಲ.

ಕೆಂಪು ಕಂಡವರಿಗೆಲ್ಲ ಕ್ಯಾನ್ಸರ್ ಅಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ತೊಂದರೆಗಳೂ ಇರಬಹುದು. ಹಿಂದಿನ ದಿನ ತಿಂದ ಬೀಟ್‌ರೂಟ್ ಪಲ್ಯವೂ ಇರಬಹುದು. ಯಾವುದೆಂದು ಹೇಳಬೇಕಾದದ್ದು ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್, ಪಕ್ಕದ ಮನೆಯವರಲ್ಲ.

ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಡ್ಡೆ ಎಂದು ವೈದ್ಯ ಪುಸ್ತಕಗಳು ಮೂರು ಲಕ್ಷಣ ಹೇಳುತ್ತವೆ. ಮೂರೂ ಒಟ್ಟಿಗೆ ಕಾಣುವುದು 100ರಲ್ಲಿ 10 ಮಂದಿಗೂ ಇಲ್ಲ. ಕಂಡಾಗ ರೋಗ ಸಾಮಾನ್ಯವಾಗಿ ಮುಂದೆ ಹೋಗಿರುತ್ತದೆ. ಕಾರಣ ಗೊತ್ತಾಗದ ಜ್ವರ, ರಕ್ತಹೀನತೆ, ಇಳಿಯುವ ತೂಕ, ಹೊಸದಾಗಿ ಏರಿದ ಬಿ.ಪಿ. ಕೂಡ ಈ ಗಡ್ಡೆಯ ಕೆಲಸವಾಗಿರಬಹುದು. ಈಗೀಗ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳು ಇನ್ನಾವುದಕ್ಕೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಆಕಸ್ಮಿಕವಾಗಿ ಸಿಗುತ್ತವೆ. ಅವರೇ ಅದೃಷ್ಟವಂತರು. 4 ಸೆಂಟಿಮೀಟರ್ ಒಳಗಿನ ಗಡ್ಡೆಯಾದರೆ ಎಷ್ಟೋ ಸಲ ಅದನ್ನಷ್ಟೇ ಕತ್ತರಿಸಿ ತೆಗೆದು ಮೂತ್ರಪಿಂಡ ಉಳಿಸಬಹುದು.

ನಿವೃತ್ತ ಮೇಷ್ಟರೊಬ್ಬರಿಗೆ ಆ ಅದೃಷ್ಟ ಒದಗಲಿಲ್ಲ. ಮೂವತ್ತು ವರ್ಷ ಬೀಡಿ ಸೇದಿದ ದೇಹ. ಈ ಕ್ಯಾನ್ಸರಿಗೆ ಹೊಗೆಯೂ ಒಂದು ಕಾರಣ. ಮೊದಲ ಸಲ ಕೆಂಪಾದಾಗ ಅವರು ಯಾರಿಗೂ ಹೇಳಲಿಲ್ಲ. ಹೇಳುವ ವಿಷಯವೇ ಅದು? ಎಂಟು ತಿಂಗಳ ಮೇಲೆ ಮತ್ತೆ ಬಂದಾಗ ಹೆಂಡತಿಯ ಕಣ್ಣಿಗೆ ಬಿತ್ತು. “ಉಷ್ಣ ಕಣೇ” ಎಂದರು. “ಆಗಲಿ ಬಿಡಿ, ಅದನ್ನೇ ಡಾಕ್ಟರೂ ಒಂದು ಸಲ ಹೇಳಲಿ, ನಡೀರಿ” ಎಂದು ಆಕೆ ಸೆರಗು ಸಿಕ್ಕಿಸಿ ಹೊರಟೇಬಿಟ್ಟರು. ಗಡ್ಡೆ ದೊಡ್ಡದಾಗಿತ್ತು, ಎಡ ಮೂತ್ರಪಿಂಡವನ್ನೇ ತೆಗೆಯಬೇಕಾಯಿತು. ಪುಣ್ಯಕ್ಕೆ ಬೇರೆಲ್ಲೂ ಹರಡಿರಲಿಲ್ಲ.

ಬೀಡಿ ಬಿಟ್ಟಿದ್ದಾರೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ. ಮೂತ್ರದ ಬಣ್ಣ ಹೇಗಿದೆಯೆಂದು ಡಾಕ್ಟರು ಕೇಳಿದರೆ ಈಗಲೂ ತಲೆ ತಗ್ಗಿಸುತ್ತಾರಂತೆ. ಉತ್ತರ ಹೇಳುವುದು ಅವರ ಹೆಂಡತಿ.